ಅಂಗಡಿ ಇಟ್ಟರೆ ಪಿಂಚಣಿ ಹೋಗುತ್ತಾ?



ಕಲಿಕೆಯ ಕೇಂದ್ರದಲ್ಲಿ ನಮ್ಮನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ಇದೆ. "ನನಗೆ ಅಂಗವಿಕಲರ ಪಿಂಚಣಿ ಬರ್ತದೆ. ಒಂದು ಪುಟ್ಟ ಅಂಗಡಿ ಇಡೋ ಆಸೆ. ಇಟ್ಟರೆ ಪಿಂಚಣಿ ನಿಂತು ಹೋಗುತ್ತಂತೆ, ಹೌದಾ ಟೀಚರ್?" ಈ ಹೆದರಿಕೆಯಿಂದಲೇ ಎಷ್ಟೋ ಜನ ಕೈಯಲ್ಲಿ ಕಸುಬು ಇದ್ದರೂ ಸುಮ್ಮನೆ ಕೂತಿದ್ದಾರೆ. ಇವತ್ತು ಅದೇ ಮಾತು ಆಡೋಣ.

ಪಿಂಚಣಿಗೆ ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಒಂದು, ಅಂಗವಿಕಲತೆ ಶೇಕಡಾ 40 ಆದರೂ ಇರಬೇಕು. ಇದನ್ನು ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷೆ ಮಾಡಿ ಬರೆದು ಕೊಡುತ್ತಾರೆ. ಕೈಕಾಲು ಮಾತ್ರ ಅಲ್ಲ, ಕಣ್ಣು, ಕಿವಿ, ಬುದ್ಧಿ ಬೆಳವಣಿಗೆಯ ತೊಂದರೆಗಳೂ ಸೇರುತ್ತವೆ. 2016ರ ಕಾಯಿದೆಯಲ್ಲಿ 21 ಬಗೆ ಇವೆ. ಎರಡು, ವರ್ಷದ ಆದಾಯ 32,000 ರೂಪಾಯಿ ಮೀರಬಾರದು. ಶೇಕಡಾ 75ಕ್ಕಿಂತ ಕಡಿಮೆ ಇರುವವರ ಪಿಂಚಣಿಯನ್ನು 2021ರಲ್ಲಿ ತಿಂಗಳಿಗೆ 600ರಿಂದ 800 ರೂಪಾಯಿಗೆ ಏರಿಸಿದರು.

ನೋಡಿ, ಅಲ್ಲಿ ಕೇಳುವುದು ಆದಾಯ. ಅಂಗಡಿ ಇದೆಯಾ ಇಲ್ಲವಾ ಅಂತ ಅಲ್ಲ.

ಆದಾಯ ಅಂದರೆ ಏನು? ಇಲ್ಲೇ ನಮ್ಮವರು ಎಡವುತ್ತಾರೆ. ಒಬ್ಬ ಅಕ್ಕ ದಿನಕ್ಕೆ 300 ರೂಪಾಯಿ ವ್ಯಾಪಾರ ಮಾಡುತ್ತಾಳೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ. ಒಟ್ಟು 7,500. ಸಾಮಾನು ತರಲು 6,000 ಹೋಯಿತು. ಬಸ್ಸಿಗೆ 200. ಉಳಿದದ್ದು 1,300. ಅವಳ ಆದಾಯ ಇದು, 7,500 ಅಲ್ಲ. ವರ್ಷಕ್ಕೆ 15,600 ಆಯಿತು. ವಿಚಾರಣೆಗೆ ಬಂದವರ ಮುಂದೆ ಹೆಮ್ಮೆಯಿಂದ "ವರ್ಷಕ್ಕೆ ತೊಂಬತ್ತು ಸಾವಿರ ಬರ್ತದೆ" ಅಂದರೆ ಅವರು ಅದನ್ನೇ ಬರೆದುಕೊಂಡಾರು! ಮನೆಯಲ್ಲಿ ಬೇರೆಯವರ ದುಡಿಮೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿನಿಂದ ತಂದ ಸಾಲ ಮಾತ್ರ ಆದಾಯ ಅಲ್ಲ. ಅದು ತೀರಿಸಬೇಕಾದ ಹಣ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಒಂದು ಕಡೆ ಬಂದದ್ದು, ಇನ್ನೊಂದು ಕಡೆ ಹೋದದ್ದು. ನೀವು ಅಕ್ಷರ ಕಲಿತಿದ್ದೀರಿ, ಕೂಡುವುದು ಕಳೆಯುವುದು ಕಲಿತಿದ್ದೀರಿ. ಬೇರೆಯವರ ಕೈಲಿ ಬರೆಸಬೇಕಾಗಿಲ್ಲ.

ಒಂದು ಮಾತು ಮುಚ್ಚಿಡಲು ಆಗುವುದಿಲ್ಲ. ಆದಾಯ 32,000 ದಾಟಿದರೆ ಪಿಂಚಣಿ ನಿಲ್ಲಬಹುದು. ತಿಂಗಳಿಗೆ 800 ಅಂದರೆ ವರ್ಷಕ್ಕೆ 9,600. ವರ್ಷಕ್ಕೆ 31,500 ದುಡಿದವಳಿಗೆ ಪಿಂಚಣಿ ಸೇರಿ 41,100. ಆದರೆ 33,000 ದುಡಿದವಳಿಗೆ ಬರೀ 33,000! ಜಾಸ್ತಿ ದುಡಿದವಳಿಗೇ ನಷ್ಟ. ಈ ಮಿತಿ ತುಂಬಾ ಕಡಿಮೆ ಆಯಿತು ಅಂತ ನಾವು ಹೇಳುತ್ತೇವೆ. ಗ್ರಾಮಸಭೆಯಲ್ಲಿ ನೀವೂ ಹೇಳಿ. ಹಾಗಂತ ಸುಳ್ಳು ಬರೆಸಬೇಡಿ. ವ್ಯಾಪಾರ ಚೆನ್ನಾಗಿ ಬೆಳೆದು ತಿಂಗಳಿಗೆ ನಾಲ್ಕು ಸಾವಿರ ಉಳಿದರೆ ವರ್ಷಕ್ಕೆ 48,000. ಪಿಂಚಣಿ ಹೋದರೂ ನೀವು ಮುಂದೇ ಇದ್ದೀರಿ.

ಬಂಡವಾಳಕ್ಕೆ ಏನು ಮಾಡೋದು ಅಂತೀರಾ? ಅಂಗವಿಕಲರ ಸ್ವಂತ ಉದ್ಯೋಗಕ್ಕೆ "ಆಧಾರ" ಅನ್ನುವ ಯೋಜನೆ ಇದೆ. ಇದು ಆಧಾರ್ ಕಾರ್ಡ್ ಅಲ್ಲ, ಹೆಸರು ಮಾತ್ರ ಒಂದೇ. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಅಂಗವಿಕಲರೇ, ನಿಮ್ಮ ಕಷ್ಟ ಗೊತ್ತಿರುತ್ತದೆ. ಅವರನ್ನು ಕೇಳಿ, ದಲ್ಲಾಳಿಗಳನ್ನು ಕೇಳಬೇಡಿ.

ಪಿಂಚಣಿ ಇದ್ದಕ್ಕಿದ್ದಂತೆ ನಿಂತರೆ ಅಳುತ್ತಾ ಕೂರಬೇಡಿ. ನಾಡಕಚೇರಿಗೆ ಹೋಗಿ, ಯಾಕೆ ನಿಂತಿತು ಅಂತ ಬರೆದು ಕೇಳಿ. ಪಿಂಚಣಿ ಅದಾಲತ್ ನಡೆಯುವ ದಿನ ತಿಳಿದುಕೊಳ್ಳಿ. ಹೋಗುವಾಗ ಅಂಗವಿಕಲರ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಲೆಕ್ಕದ ನೋಟ್‌ಬುಕ್ ಮೂರನ್ನೂ ತೆಗೆದುಕೊಂಡು ಹೋಗಿ.