ಮಗುವಿನ ಭೇದಿಗೂ ಲಸಿಕೆ ಇದೆ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಹಸುವಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಿಸೋ ದಿನವನ್ನು ನಾವು ಯಾರೂ ಮರೆಯೋದಿಲ್ಲ. ಮಗುವಿನ ಲಸಿಕೆ ದಿನವನ್ನೂ ಹಾಗೇ ನೆನಪಿಡಬೇಕು.

ಎಳೆ ಮಕ್ಕಳಿಗೆ ಜೋರು ವಾಂತಿ-ಭೇದಿ ತರುವ ರೋಗಾಣುಗಳಲ್ಲಿ ರೋಟಾವೈರಸ್ ಮುಖ್ಯವಾದದ್ದು. ಅದರ ಲಸಿಕೆಯನ್ನು ಸರ್ಕಾರ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭಿಸಿ, ಆಮೇಲೆ ದೇಶಕ್ಕೆಲ್ಲ ವಿಸ್ತರಿಸಿತು. ಇದಕ್ಕೆ ಸೂಜಿ ಇಲ್ಲ, ಬಾಯಿಗೆ ಹಾಕುತ್ತಾರೆ. ಮಗುವಿಗೆ 6, 10, 14 ವಾರ ತುಂಬಿದಾಗ, ಒಟ್ಟು ಮೂರು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ.

"ಹಾಕಿಸಿದ ಮೇಲೂ ಭೇದಿ ಆಯ್ತಲ್ಲ, ಏನು ಪ್ರಯೋಜನ?" ಅಂತ ಕೆಲವರು ಮುಂದಿನ ಸಲ ಬಿಟ್ಟುಬಿಡುತ್ತಾರೆ. ಭೇದಿಗೆ ಕಾರಣ ಹಲವು. ಈ ಲಸಿಕೆ ತಡೆಯೋದು ರೋಟಾವೈರಸ್ಸಿನ ಜೋರು ಭೇದಿಯನ್ನು. ಮಿಕ್ಕವಕ್ಕೆ ಶುದ್ಧ ನೀರು, ಸೋಪು ಹಾಕಿ ಕೈ ತೊಳೆಯೋದು ಬೇಕೇ ಬೇಕು. ಆದ್ದರಿಂದ ಮೂರೂ ಸಲ ತಪ್ಪದೆ ಹಾಕಿಸಿ.

ಭೇದಿಯಾದರೆ "ಹಲ್ಲು ಬರ್ತಿದೆ ಬಿಡು" ಅಂತ ಅತ್ತೆ-ಅಜ್ಜಿಯರು ಸುಮ್ಮನಿರಬಾರದು. ಎದೆಹಾಲು ನಿಲ್ಲಿಸದೆ, ಓ.ಆರ್.ಎಸ್. ಪುಡಿಯನ್ನು ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ ಸ್ವಲ್ಪ ಸ್ವಲ್ಪ ಕುಡಿಸಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.