ಉಸಿರು ಕಾಯುವ ವಿದ್ಯೆ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣ. ಸ್ಥಳ: ಗಾಂಧಿ ಚೌಕ, ವಿಜಯಪುರ)

 



ಈಗಷ್ಟೇ ಹೊರಗೆ ಚೌಕದಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಆಟೋ, ಟಾಂಗಾ, ಬೈಕು ಎಲ್ಲ ಬದಿಗೆ ಸರಿದಿರಬೇಕು. ದಾರಿ ಬಿಡುತ್ತೇವೆ, ಮನಸ್ಸಿನಲ್ಲಿ ಒಂದು ದುಆ ಮಾಡುತ್ತೇವೆ, ಮತ್ತೆ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಒಳಗೆ ಆ ರೋಗಿಯ ಉಸಿರನ್ನು ಯಾರು ಕಾಯುತ್ತಿದ್ದಾರೆ ಎಂದು ಕೇಳುವುದಿಲ್ಲ.

ಉಸಿರಿನ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕೂಸನ್ನು ಸುಮಾರು 20 ತಾಸಿನ ಮೇಲೆ ಜೀವಂತ ಹೊರಗೆ ತೆಗೆದರು. ಅಷ್ಟು ಹೊತ್ತೂ ಪೈಪಿನ ಮೂಲಕ ಒಳಗೆ ಆಮ್ಲಜನಕ ಬಿಡುತ್ತಿದ್ದರು. ಮಣ್ಣು ಅಗೆಯುವವರ ಕೆಲಸ ಎಷ್ಟು ದೊಡ್ಡದೋ, ಆ ಪೈಪಿನ ಕೆಲಸವೂ ಅಷ್ಟೇ ದೊಡ್ಡದು.

ಇದೇ ಕೆಲಸವನ್ನು ಓದಿ ಕಲಿತು ಮಾಡುವವರಿದ್ದಾರೆ. ಅವರಿಗೆ ರೆಸ್ಪಿರೇಟರಿ ಥೆರಪಿಸ್ಟ್ ಎನ್ನುತ್ತಾರೆ. ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ವೆಂಟಿಲೇಟರ್, ಆಮ್ಲಜನಕ, ಗಂಟಲಿಗೆ ಹಾಕಿದ ನಳಿಕೆ, ಇವುಗಳನ್ನು ನೋಡಿಕೊಳ್ಳುವುದು ಅವರ ವಿದ್ಯೆ. ಅಂಥವರಲ್ಲಿ ಕೆಲವರು ಏರ್ ಆಂಬುಲೆನ್ಸಿನಲ್ಲಿ ರೋಗಿಯ ಜೊತೆಗೆ ಹಾರುತ್ತಾರೆ. ನಮ್ಮ ಒಬ್ಬ ವಿದ್ಯಾರ್ಥಿನಿಯೂ ಹಾರುತ್ತಾಳೆ. ಆಕೆಯ ಕಥೆ ಹೇಳುವ ಮುಂಚೆ ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು.

ನಾವು 33 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. ಈ ಹುಡುಗಿ ತಿಕೋಟಾ ಕಡೆಯವಳು. ತಂದೆ ದ್ರಾಕ್ಷಿ ತೋಟದಲ್ಲಿ ಕೂಲಿ. ಪಿಯುಸಿ ಆಯಿತು, ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ತಂದೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, "ಗುರುಗಳ, ಮುಂದೇನ್ ಮಾಡೂಣು?" ಎಂದರು. ನಾವು, "ಇನ್ನೊಂದು ವರ್ಷ ಕುಂದರ್ಲಿ, ಮತ್ತ ಬರೀಲಿ" ಎಂದೆವು. ಬೇರೆ ದಾರಿ ನಮಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆ ಬಂತು. ಕೋಚಿಂಗಿಗೆ ತಂದೆ ಕೈಗಡ ತಂದರು. ಎರಡನೆಯ ಸಲವೂ ಸೀಟು ಆಗಲಿಲ್ಲ.

ಆ ವರ್ಷ ಆಕೆಯ ಅಜ್ಜಿ ಐಸಿಯುದಲ್ಲಿದ್ದರು. ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದ ಹುಡುಗನನ್ನು ಇವಳೇ ಕೇಳಿದಳು, "ನೀವು ಏನ್ ಓದೀರಿ?" ನಾವು ಇಷ್ಟು ವರ್ಷದಲ್ಲಿ ಯಾವ ಮಕ್ಕಳಿಗೂ ಹೇಳದೇ ಇದ್ದದ್ದನ್ನು ಆ ಹುಡುಗ ಐದು ನಿಮಿಷದಲ್ಲಿ ಹೇಳಿದ. ಆಕೆ ಬಿ.ಎಸ್ಸಿ. ಮಾಡಿದಳು, ಕೆಲವು ವರ್ಷ ಬೆಂಗಳೂರಿನ ಐಸಿಯುದಲ್ಲಿ ಪಳಗಿದಳು, ಆಮೇಲೆ ಏರ್ ಆಂಬುಲೆನ್ಸ್ ತಂಡ ಸೇರಿದಳು.

ಹೋದ ರಮಜಾನಿನಲ್ಲಿ ಮನೆಗೆ ಬಂದಾಗ ಕೆಲಸದ ಬಗ್ಗೆ ಕೇಳಿದೆವು. ನಕ್ಕು ಹೇಳಿದಳು: "ಸರ್, ನೀವು ಬಾಯ್ಲ್‌ನ ನಿಯಮ ಎರಡು ಅಂಕಕ್ಕ ಬಾಯಿಪಾಠ ಮಾಡಿಸಿದ್ರಿ. ನಾ ಈಗ ದಿನಾ ಅದರ ಮ್ಯಾಲೇ ಕೆಲಸ ಮಾಡ್ತೀನ್ರಿ."

ಮಕ್ಕಳೇ, ಘಟ್ಟ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನೋಡಿದ್ದೀರಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ. ವಿಮಾನ ಎತ್ತರದಲ್ಲಿರುವಾಗ ಅದರ ಒಳಗಿನ ಒತ್ತಡ ಸುಮಾರು 8000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಅಂದರೆ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲು. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಇದ್ದೇ ಇರುತ್ತದೆ, ಆದರೆ ಅದನ್ನು ರಕ್ತಕ್ಕೆ ತಳ್ಳುವ ಒತ್ತಡ ಸಾಲದು. ನಮಗೆ ನಿಮಗೆ ಅದು ತಿಳಿಯುವುದೂ ಇಲ್ಲ; ಕೆಟ್ಟ ಶ್ವಾಸಕೋಶದವರಿಗೆ ಅದೇ ಪ್ರಾಣಕ್ಕೆ ಬರುತ್ತದೆ. ಎದೆಯೊಳಗೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಆ ಗಾಳಿಯೂ ಹಿಗ್ಗಿ ಶ್ವಾಸಕೋಶವನ್ನು ಒತ್ತುತ್ತದೆ. ಆದ್ದರಿಂದ ಹೊರಡುವ ಮುಂಚೆಯೇ ಎಕ್ಸ್-ರೇ ನೋಡಿ, ಡಾಕ್ಟರು ನಳಿಕೆ ಹಾಕಿ ಆ ಗಾಳಿ ತೆಗೆಯಬೇಕು. ಗಂಟಲಿನ ನಳಿಕೆಯ ಸುತ್ತ ಒಂದು ಸಣ್ಣ ಬಲೂನು ಇರುತ್ತದೆ. ವಿಮಾನ ಏರುವಾಗ ಅದು ಉಬ್ಬಿ ಶ್ವಾಸನಾಳವನ್ನು ಒತ್ತುತ್ತದೆ, ಇಳಿಯುವಾಗ ಸಡಿಲಾಗಿ ಗಾಳಿ ಸೋರುತ್ತದೆ. ಏರುವಾಗ, ಇಳಿಯುವಾಗ ಅದರ ಒತ್ತಡ ಅಳೆದು ಸರಿಮಾಡಬೇಕು. ಇಂಜಿನ್ ಸದ್ದಿನಲ್ಲಿ ಸ್ಟೆತೊಸ್ಕೋಪ್ ಕೆಲಸಕ್ಕೆ ಬರುವುದಿಲ್ಲ. ಎದೆಯ ಏರಿಳಿತ ಮತ್ತು ಪರದೆಯ ಮೇಲಿನ ಅಂಕಿ, ಇವೆರಡರ ಮೇಲೆ ಕಣ್ಣಿಟ್ಟು ಕೂಡಬೇಕು.

ಇನ್ನು ಸಿಲಿಂಡರಿನ ಲೆಕ್ಕ. ವಿಜಯಪುರದ ರೋಗಿ ಬೆಂಗಳೂರಿಗೆ ಹೋಗಬೇಕು. ರಸ್ತೆಯಲ್ಲಿ 500 ಕಿ.ಮೀ.ಗೂ ಹೆಚ್ಚು. ಬುರಣಾಪುರದಲ್ಲಿ ನಮ್ಮ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. 2019ರ ನವೆಂಬರ್‌ನಲ್ಲಿ ಆರಂಭವಾದ ಕಲಬುರಗಿ ನಿಲ್ದಾಣಕ್ಕೆ ಹೋಗುವುದಾದರೆ ಮೊದಲು ರಸ್ತೆ, ಆಮೇಲೆ ವಿಮಾನ, ಮತ್ತೆ ರಸ್ತೆ. ಹಾಸಿಗೆಯಿಂದ ಹಾಸಿಗೆಗೆ ಐದು ತಾಸು ಎಂದುಕೊಳ್ಳಿ, 300 ನಿಮಿಷ. ನಿಮಿಷಕ್ಕೆ 10 ಲೀಟರ್‌ನಂತೆ 3000 ಲೀಟರ್. ತಡವಾದರೆ ಇರಲಿ ಎಂದು ಆಕೆ ಯಾವಾಗಲೂ ಇಮ್ಮಡಿ ಹಿಡಿಯುತ್ತಾಳೆ, 6000. 10 ಲೀಟರಿನ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ತುಂಬಿದರೆ 1500 ಲೀಟರ್. ಹಾಗಾದರೆ ನಾಲ್ಕು ಸಿಲಿಂಡರ್. ನಾಲ್ಕನೇ ಇಯತ್ತೆಯ ಗುಣಾಕಾರ, ತಪ್ಪಿದರೆ ಆಕಾಶದಲ್ಲಿ ಅಂಗಡಿ ಇಲ್ಲ.

ಈ ಕೆಲಸ ಸುಲಭ ಎಂದು ನಾವು ಹೇಳುವುದಿಲ್ಲ. ನಡುರಾತ್ರಿ ಫೋನ್ ಬರುತ್ತದೆ. ವಾಂತಿ ಬಂದರೂ ಕೈ ನಡುಗಬಾರದು. ಎಷ್ಟು ಮಾಡಿದರೂ ಕೆಲವು ಜೀವ ಉಳಿಯುವುದಿಲ್ಲ. ಹಾರುವ ನೌಕರಿಗಳು ಬಹಳ ಇಲ್ಲ. ಬೆಂಗಳೂರಿನ ಐಕ್ಯಾಟ್‌ನಂಥ ಸಂಸ್ಥೆಗಳು ಬೆಳೆದಂತೆ ಹೆಚ್ಚಬಹುದು. ಆದರೆ ಹಾರಲೇಬೇಕೆಂದಿಲ್ಲ. ನಮ್ಮೂರಿನ ಅಲ್-ಅಮೀನ್, ಬಿ.ಎಲ್.ಡಿ.ಇ. ಇಂಥ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೂ ಈ ವಿದ್ಯೆ ಬೇಕು. ಆಕೆಯ ತಂದೆ ಮೊದಲು ಒಪ್ಪಿರಲಿಲ್ಲ. ಈಗಲೂ ಮಗಳು ವಿಮಾನ ಇಳಿದು ಫೋನ್ ಮಾಡುವವರೆಗೆ ಮಲಗುವುದಿಲ್ಲ. ಆದರೆ ಬೇಡ ಎನ್ನುವುದಿಲ್ಲ.

ಅಮೆರಿಕದಲ್ಲಿ ಈ ವೃತ್ತಿಯವರ ಸಂಘ 1940ರ ದಶಕದಲ್ಲೇ ಹುಟ್ಟಿತು. ನಮ್ಮಲ್ಲಿ 2021ರಲ್ಲಿ ಸಂಬಂಧಿತ ಆರೋಗ್ಯ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಆ ಪಟ್ಟಿಯಲ್ಲಿ ಇವರ ಹೆಸರೂ ಇದೆ. ಮಣಿಪಾಲದಲ್ಲಿ ಈ ಓದು ಇದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿಯೂ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.

ಟ್ರಸ್ಟಿನ ಹಿರಿಯರಲ್ಲಿ ಒಂದೇ ಬೇಡಿಕೆ. ನಮ್ಮ ಅರ್ಜಿ ನಮೂನೆಯಲ್ಲಿ ಮೂರು ಕಾಲಂ ಇವೆ: ವೈದ್ಯಕೀಯ, ಇಂಜಿನಿಯರಿಂಗ್, ಇತರೆ. ಈ ಹುಡುಗಿ 'ಇತರೆ'ಯಲ್ಲಿ ಬರುತ್ತಾಳೆ, ಮತ್ತು 'ಇತರೆ'ಗೆ ಹಣ ಕೊನೆಗೆ ಉಳಿದರೆ ಮಾತ್ರ. ಉಸಿರಾಟ, ಡಯಾಲಿಸಿಸ್, ಅರಿವಳಿಕೆ, ಎಕ್ಸ್-ರೇ ಓದುವ ಮಕ್ಕಳಿಗೆ ನಾಲ್ಕನೆಯ ಕಾಲಂ ಮಾಡಿರಿ. ಒಬ್ಬರಿಗೆ ಕೊಡುವ ದೊಡ್ಡ ಮೊತ್ತ ಇಂಥ ಮೂರು ಮಕ್ಕಳನ್ನು ದಡ ಮುಟ್ಟಿಸಬಹುದು.

ಪಾಲಕರೇ, ನೀಟ್ ಆಗಲಿಲ್ಲವೆಂದು ಮಗಳ ಓದು ನಿಲ್ಲಿಸಬೇಡಿರಿ. ಇನ್ನು ಮುಂದೆ ಪ್ರತಿ ರವಿವಾರ ಮುಂಜಾನೆ ನಾವು ಟ್ರಸ್ಟಿನ ಕಚೇರಿಯಲ್ಲಿ ಕೂಡುತ್ತೇವೆ. ಅಂಕಪಟ್ಟಿ ತಗೊಂಡು ಬನ್ನಿರಿ. ಗೊತ್ತಿದ್ದದ್ದು ಹೇಳುತ್ತೇವೆ. ಗೊತ್ತಿಲ್ಲದಿದ್ದರೆ ಈ ಸಲ ಗೊತ್ತಿಲ್ಲ ಎಂದೇ ಹೇಳುತ್ತೇವೆ, ಒಂದು ವಾರ ಸಮಯ ಕೇಳಿ ತಿಳಿದುಕೊಂಡು ಬರುತ್ತೇವೆ.