ಊರಿನಲ್ಲೇ ಇದ್ದು ಮೇಲಿನ ಓದು

(ಗೊರವನಹಳ್ಳಿಯ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೋದ ವಾರ ಹಿರಿಯರೊಬ್ಬರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಮಗ ಫೋನಿನಲ್ಲೇ ನೆಲ, ಜಲದ ಪದವಿ ಓದುತ್ತಾನಂತೆ. ಎರಡು ಕುರಿ ಮಾರಿ ದುಡ್ಡು ಕಟ್ಟಲೇನಪ್ಪಾ?" ಎಂದು ಕೇಳಿದರು. ಕುರಿ ಮಾರುವ ಮೊದಲು ತಿಳಿಯತಕ್ಕ ಸಂಗತಿಗಳನ್ನು ಈ ಹೊತ್ತು ಎಲ್ಲರ ಮುಂದೆ ಹೇಳುತ್ತೇನೆ.

ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಎಂಬುದು ದೊಡ್ಡ ಹೆಸರು. ಅದರೊಳಗಿರುವುದು ನಮ್ಮ ಮಣ್ಣು, ನೀರು, ಮರ, ಗೋಮಾಳ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆಯಾದರೆ ಸುಮಾರು 40,000 ಲೀಟರ್ ನೀರು ಬಿದ್ದಂತೆ. ಅದರಲ್ಲಿ ಎಷ್ಟು ಇಂಗಿತು, ಎಷ್ಟು ಹಳ್ಳ ಸೇರಿತು, ಹೋಗುವಾಗ ಎಷ್ಟು ಮಣ್ಣನ್ನು ಹೊತ್ತೊಯ್ದಿತು ಎಂದು ಲೆಕ್ಕವಿಡುವುದೇ ಈ ವಿದ್ಯೆ. ಕೊಳವೆ ಬಾವಿ ಬತ್ತಿದ ನಾಡಿಗೆ ಇದು ಬೇಡದ ವಿದ್ಯೆಯಲ್ಲ. 2001ರ ಸುಮಾರಿಗೆ ಆರಂಭವಾದ ಸುಜಲ ಜಲಾನಯನ ಯೋಜನೆಗೆ ಸೇರಿದ ಐದು ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಒಂದು. ಅಂಥ ಕೆಲಸಗಳಿಗೆ ಊರಿನ ಮಕ್ಕಳೇ ಓದಿದವರಾಗಿ ದೊರೆತರೆ, ಬದು ಎಲ್ಲಿ ಹಾಕಬೇಕೆಂದು ಹೊರಗಿನವರನ್ನು ಕೇಳಬೇಕಾಗಿಲ್ಲ.

ಮನೆಯಲ್ಲಿದ್ದು ಓದುವುದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1985ರದು. ಭಾರತ ಸರ್ಕಾರದ 'ಸ್ವಯಂ' 2017ರಲ್ಲಿ ಬಂತು. ಅದರ ಪಾಠಗಳನ್ನು ಹಣವಿಲ್ಲದೆ ಕೇಳಬಹುದು; ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಆದರೆ ಒಂದು ಪಾಠದ ಪ್ರಮಾಣಪತ್ರವೇ ಪದವಿಯಲ್ಲ.

ಇನ್ನು ಎಚ್ಚರಿಕೆಯ ಮಾತು ಮೂರು.

ಮೊದಲನೆಯದು ಮಾನ್ಯತೆ. ಮಾನ್ಯತೆ ಪಡೆದ ಸಂಸ್ಥೆಯ ದೂರ ಶಿಕ್ಷಣದ ಪದವಿ, ಕಾಲೇಜಿನ ಪದವಿಗೆ ಸಮವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ನೀವು ಸೇರುವ ವಿಷಯಕ್ಕೆ, ಸೇರುವ ವರ್ಷಕ್ಕೆ, ಆಯೋಗದ ಪಟ್ಟಿಯಲ್ಲಿ ಒಪ್ಪಿಗೆ ಇದೆಯೇ ಎಂದು ನೋಡಿಯೇ ಹಣ ಕಟ್ಟತಕ್ಕದ್ದು.

ಎರಡನೆಯದು, ಕೃಷಿ ಮತ್ತು ತೋಟಗಾರಿಕೆಯ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುವಂತಿಲ್ಲ. ಆಯೋಗದ 2020ರ ನಿಯಮಾವಳಿ ಅದನ್ನು ನಿಷೇಧಿಸಿದೆ. ನಾನು ಕೃಷಿ ಡಿಪ್ಲೊಮಾ ಮುಗಿಸಿದಾಗ ದಳ್ಳಾಳಿಯೊಬ್ಬ, "ಮನೆಯಲ್ಲೇ ಬಿ.ಎಸ್ಸಿ. ಕೃಷಿ ಮಾಡಿಸುತ್ತೇನೆ, ಮುಂಗಡ ಕೊಡಿ" ಎಂದು ಬಂದಿದ್ದ. ನಮ್ಮ ತಂದೆ ಹಣ ಎಣಿಸಿಯೂ ಇಟ್ಟಿದ್ದರು. ವಿಚಾರಿಸಿದ್ದರಿಂದ ಉಳಿಯಿತು. ಪರಿಸರ ವಿಜ್ಞಾನದಂಥ ವಿಷಯಗಳಿಗೆ ಈ ನಿಷೇಧವಿಲ್ಲ.

ಮೂರನೆಯದು ಅರ್ಹತೆ ಮತ್ತು ಹೊತ್ತು. ಸ್ನಾತಕೋತ್ತರ ಪದವಿಗೆ ಸೇರಲು ಮೊದಲು ಪದವಿ ಆಗಿರಬೇಕು. ನನ್ನಂತೆ ಡಿಪ್ಲೊಮಾ ಮಾತ್ರ ಇದ್ದರೆ ಸಾಲದು. ಮುಕ್ತ ವಿಶ್ವವಿದ್ಯಾಲಯದ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 80 ಕ್ರೆಡಿಟ್ಟಿನ ಪದವಿಗೆ 2,400 ಗಂಟೆ ಬೇಕು. ದಿನಕ್ಕೆ ಎರಡು ಗಂಟೆ ಓದಿದರೂ ಮೂರು ವರ್ಷ ದಾಟುತ್ತದೆ. ಪಾಠಗಳು ಬಹಳ ಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ ಎಂಬುದನ್ನೂ ಮನಗಾಣಬೇಕು.

ಆ ಹಿರಿಯರಿಗೆ ನಾನು ಹೇಳಿದ್ದಿಷ್ಟು: "ಕುರಿ ಸದ್ಯಕ್ಕೆ ಕೊಟ್ಟಿಗೆಯಲ್ಲೇ ಇರಲಿ. ಮಗ ಮೊದಲು 'ಸ್ವಯಂ'ನಲ್ಲಿ ಮಣ್ಣು, ನೀರಿನ ಒಂದು ಪಾಠವನ್ನು ಕೊನೆಯವರೆಗೂ ಕೇಳಲಿ. ಜೊತೆಗೆ ನಿಮ್ಮ ಹೊಲದಲ್ಲಿ ಬಿದ್ದ ಮಳೆಯನ್ನು, ಬಾವಿಯ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆದಿಡಲಿ. ಈ ಎರಡನ್ನೂ ಬಿಡದೆ ಮಾಡಿದರೆ, ಆಗ ಕುರಿ ಮಾರಿ."

ತಾಯಂದಿರೇ, ಪಟ್ಟಣಕ್ಕೆ ಕಳುಹಿಸಲಾರೆವೆಂದು ಓದು ಬಿಡಿಸಿದ ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. ಅವರಿಗೆ ದಿನಕ್ಕೆ ಎರಡು ಗಂಟೆ ಬಿಡುವು ಕೊಡಿ. ಅರ್ಜಿಯ ಕಾಗದಪತ್ರವಿದ್ದರೆ ಹಣ ಕಟ್ಟುವ ಮೊದಲು ನನಗೆ ತೋರಿಸಿ. ಕೂತು ಓದಿ ನೋಡೋಣ.